ಸಣ್ಣಮ್ಮನ ಡಬ್ಬಿ

ದೆವ್ವ ಕಂಡಿತು, ದೇವರು ಕನಸಿನಲ್ಲಿ ಬಂದು ಹೇಳಿತು, ಸತ್ತವರು ಬಾಗಿಲು ಬಡಿದರು ಎಂದು ಯಾರಾದರೂ ನನ್ನೆದುರು ಕಥೆ ತೆಗೆದರೆ ನಾನು ನಾಲ್ಕು ಪ್ರಶ್ನೆ ಕೇಳುತ್ತಿದ್ದೆ. ಆಗ ಗಂಟೆ ಎಷ್ಟಾಗಿತ್ತು? ನಿಮ್ಮನ್ನು ಬಿಟ್ಟು ಇನ್ಯಾರು ನೋಡಿದರು? ಅಳತೆ, ತೂಕ ಏನಾದರೂ ಮಾಡಿದಿರಾ? ಅವತ್ತು ಏನು ತಿಂದಿದ್ದಿರಿ? ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಹೇಳುವವರಿಗೆ ಸಿಟ್ಟು ನೆತ್ತಿಗೇರಿರುತ್ತಿತ್ತು. ಮದುವೆ ಮನೆಗಳಲ್ಲಿ ನನ್ನ ಅಕ್ಕಪಕ್ಕದ ಕುರ್ಚಿ ಬೇಗ ಖಾಲಿಯಾಗುತ್ತಿತ್ತು. ನಮ್ಮ ದೊಡ್ಡಮ್ಮ ಬಾಯಿ ಮುಚ್ಚಿಕೊಂಡಿದ್ದು ನಿಮ್ಮಿಂದಲೇ ಎಂದು ಹೆಂಡತಿ ಇವತ್ತಿಗೂ ಆಡಿಕೊಳ್ಳುತ್ತಾಳೆ.

ಈಗ ನಾನೇ ಒಂದು ಕಥೆ ಹೊತ್ತುಕೊಂಡು ನಿಮ್ಮ ಮುಂದೆ ನಿಂತಿದ್ದೇನೆ. ನಾಚಿಕೆಯಾಗುತ್ತದೆ, ನಿಜ. ನಡೆದು ಕೆಲವು ವರ್ಷಗಳಾದರೂ ಇದನ್ನು ಇದುವರೆಗೆ ಬರೆಯದೆ ಇರುವುದಕ್ಕೆ ಅದೇ ಕಾರಣ. ನೀವು ನಕ್ಕರೆ ನನಗೆ ಬೇಸರವಿಲ್ಲ. ನಾನು ಎಷ್ಟೋ ಜನರನ್ನು ನೋಡಿ ನಕ್ಕವನೇ.

ನಾನು ರಸಾಯನಶಾಸ್ತ್ರ ಓದಿದವನು. ಭೂಮಿ ಸಾವಿರಾರು ವರ್ಷ ಹಿಡಿದು ಮಾಡುವ ಕೆಲವು ಖನಿಜಗಳನ್ನು ಪಾತ್ರೆಯಲ್ಲಿ ಬೇಯಿಸಿ ಒಂದೆರಡು ದಿನದಲ್ಲಿ ಮಾಡುವುದು ನನ್ನ ಕಸುಬು. ಬೇರೆ ಊರಿನಲ್ಲಿ ಇದಕ್ಕೆ ಒಂದಿಷ್ಟು ಮರ್ಯಾದೆ ಸಿಕ್ಕೀತು. ಮಾಗಡಿಯಿಂದ ರಾಮನಗರದವರೆಗೆ ಎತ್ತ ತಿರುಗಿದರೂ ಬಂಡೆಯೇ ಕಾಣುವ ಸೀಮೆಯಲ್ಲಿ ಕೂತು ಕಲ್ಲು ತಯಾರಿಸುತ್ತೇನೆ ಎಂದು ಹೇಳಿಕೊಳ್ಳುವುದು ಸುಲಭವಲ್ಲ. ಮಾಗಡಿಯಿಂದ ನಾನು ದಿನಾ ಹತ್ತುತ್ತಿದ್ದ ಬಸ್ಸಿನ ಕಂಡಕ್ಟರ್ ಒಮ್ಮೆ ನನ್ನ ಕೆಲಸ ಏನೆಂದು ಕೇಳಿ ತಿಳಿದುಕೊಂಡು, ಕಿಟಕಿಯ ಹೊರಗೆ ಒಂದು ಸಲ, ನನ್ನ ಕಡೆ ಒಂದು ಸಲ ನೋಡಿ, "ಇರೋವು ಸಾಲ್ದಾ ಸಾ?" ಅಂದ. ಬಸ್ಸಿಗೆ ಬಸ್ಸೇ ನಕ್ಕಿತು.

ನಾನು ಮಾಡಲು ಹೊರಟಿದ್ದು ಜಿಯೋಲೈಟ್ ಎಂಬ ಖನಿಜ. ಕೈಗೆ ತೆಗೆದುಕೊಂಡರೆ ಬಿಳಿ ಪುಡಿ, ಅಷ್ಟೇ. ಗಡಸು ನೀರಿಗೆ ಹಾಕಿದರೆ ನೀರಿನ ಗಡಸುತನವನ್ನು ಹೀರಿಕೊಂಡು ಮೆದು ಮಾಡುತ್ತದೆ. ಇದರ ಅಗತ್ಯ ಬಿದ್ದಿದ್ದು ಬೋರೇಗೌಡರಿಗೆ. ಅವರದು ರಾಮನಗರದಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಘಟಕ. ಬೋರ್‌ವೆಲ್ ನೀರು ಗಡಸಾಗಿ ನೂಲಿನ ಹೊಳಪು ಹೋಗುತ್ತಿತ್ತು. ಇನ್ನೊಂದು ಕಡೆ ಒಲೆಗೆ ಹಾಕಿದ ಭತ್ತದ ಹೊಟ್ಟಿನ ಬೂದಿ ಹಿತ್ತಲಲ್ಲಿ ಗುಡ್ಡೆಯಾಗಿ ಬಿದ್ದಿತ್ತು. ಆ ಬೂದಿಯಿಂದಲೇ ನೀರು ಮೆದು ಮಾಡುವ ಖನಿಜ ಮಾಡಬಹುದು ಎಂದು ಯಾರೋ ಅವರ ಕಿವಿಗೆ ಹಾಕಿದರು. ಆ ಯಾರೋ ನಾನೇ. ಗೌಡರು ಗುಡೇಮಾರನಹಳ್ಳಿ ಹತ್ತಿರದ ತಮ್ಮ ಹಿಪ್ಪುನೇರಳೆ ತೋಟದ ಮೂಲೆಯಲ್ಲಿ ಒಂದು ಶೆಡ್ ಹಾಕಿಸಿ, ಒಂದು ಓವನ್, ಒಂದು ಸೂಕ್ಷ್ಮದರ್ಶಕ, ಎರಡು ಶೆಲ್ಫಿನ ಒಂದು ಸಣ್ಣ ಫ್ರಿಜ್ ಕೊಡಿಸಿ, ನನ್ನನ್ನು ಅಲ್ಲಿ ಕೂರಿಸಿದರು. ನನ್ನ ಹೆಸರಿನ ಮುಂದೆ ಡಾಕ್ಟರ್ ಎಂದಿದ್ದರಿಂದ ಮೊದಲ ತಿಂಗಳು ಸುತ್ತಲಿನ ಊರಿನವರು ಕೆಮ್ಮು, ಮಂಡಿನೋವು ಎಂದು ಬಂದರು. ಇಂಜೆಕ್ಷನ್ ಕೊಡದ ಡಾಕ್ಟರ್ ಎಂದು ಗೊತ್ತಾದ ಮೇಲೆ ಬರುವುದನ್ನು ನಿಲ್ಲಿಸಿದರು.

ನನಗೆ ಸಹಾಯಕ್ಕೆ ಗೌಡರು ಪುಟ್ಟತಾಯಮ್ಮ ಎಂಬಾಕೆಯನ್ನು ಕೊಟ್ಟರು. ಗುಡೇಮಾರನಹಳ್ಳಿಯವಳೇ. ನಲವತ್ತು ದಾಟಿದ ಹೆಂಗಸು. ಗೌಡರ ಘಟಕದಲ್ಲಿ ಹದಿನೈದು ವರ್ಷ ಕುದಿಯುವ ಬೇಸಿನ್ನಿಗೆ ಕೈ ಹಾಕಿ ಗೂಡಿನ ಎಳೆ ಹುಡುಕಿದವಳು. ಅವಳ ಬೆರಳ ತುದಿಗಳು ಬೆಳ್ಳಗಾಗಿ, ಬಿರುಕು ಬಿಟ್ಟು, ಮುದ್ದೆಯನ್ನು ಸಾರಿಗೆ ಅದ್ದಿದರೆ ಕಣ್ಣಲ್ಲಿ ನೀರು ಬರುತ್ತಿತ್ತಂತೆ. ನಮ್ಮ ಶೆಡ್ಡಿಗೆ ಬಂದು ಕೈಗವಸು ಹಾಕಿಕೊಂಡು ಕೆಲಸ ಮಾಡಲು ಶುರುಮಾಡಿದ ಮೇಲೆ ಆ ಬಿರುಕುಗಳು ಕೂಡಿಕೊಂಡವು. ಒಂದು ದಿನ ಹತ್ತೂ ಬೆರಳನ್ನು ನನ್ನೆದುರು ಚಾಚಿ ತೋರಿಸಿ ಹೋದಳು. ಆಗ ನನಗೆ ಆದ ಸಂತೋಷ ನನ್ನ ಪದವಿ ಪತ್ರ ಕೈಗೆ ಬಂದಾಗಲೂ ಆಗಿರಲಿಲ್ಲ.

ಈ ಖನಿಜ ತಾನಾಗಿ ಹರಳುಗಟ್ಟುವುದು ಕಷ್ಟ. ಬೂದಿಯಿಂದ ತೆಗೆದ ದ್ರಾವಣಕ್ಕೆ ಬೇಕಾದ್ದೆಲ್ಲ ಬೆರೆಸಿ ಹಾಲಿನಂಥ ಪಾಕ ಮಾಡಿಕೊಂಡು, ಅದಕ್ಕೆ ಮೊದಲೇ ತಯಾರಾದ ಒಳ್ಳೆಯ ಹರಳಿನ ಪುಡಿಯನ್ನು ಚೂರು ಸೇರಿಸಬೇಕು. ಅದನ್ನು ನೋಡಿಕೊಂಡು ಉಳಿದದ್ದು ಹರಳಾಗುತ್ತದೆ. ನಮ್ಮ ಪುಸ್ತಕಗಳಲ್ಲಿ ಅದಕ್ಕೆ ಬೀಜ ಎನ್ನುತ್ತಾರೆ. ನಾನು ಇದನ್ನು ಬೋರ್ಡಿನ ಮೇಲೆ ಚಿತ್ರ ಬರೆದು ಅರ್ಧ ಗಂಟೆ ವಿವರಿಸಿದೆ. ಪುಟ್ಟತಾಯಮ್ಮ ಕೊನೆಯವರೆಗೂ ಕೇಳಿ, "ಹೆಪ್ಪು ಅನ್ನಿ ಸಾ, ಅದಕ್ಯಾಕೆ ಇಷ್ಟು ಸುತ್ತು" ಅಂದಳು. ಅಂದಿನಿಂದ ನಮ್ಮ ಶೆಡ್ಡಿನಲ್ಲಿ ಅದು ಹೆಪ್ಪೇ ಆಯಿತು.

ಹೆಪ್ಪು ಆದ ಮೇಲೆ ಹೆಪ್ಪಿನ ಕಟ್ಟಳೆಗಳೂ ಬಂದವು. ಹೊರಗಿನಿಂದ ತರಿಸಿದ ಹರಳಿನ ಪುಡಿಯನ್ನು ನೀರಿನಲ್ಲಿ ಕಲಸಿ ಗಾಜಿನ ಬಾಟಲಿಯಲ್ಲಿ ಇಟ್ಟಿದ್ದೆ. ಬಾಟಲಿ ಬಿರುಕು ಬಿಟ್ಟಾಗ ಅವಳು ಅದನ್ನು ತನ್ನ ಸ್ಟೀಲ್ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿ ಇಟ್ಟಳು. ಒಂದು ಸಂಜೆ ಆರೂವರೆಗೆ ಪಾಕ ಸಿದ್ಧವಾಗಿ ನಾನು ಡಬ್ಬಿ ಕೇಳಿದರೆ ಕೊಡಲಿಲ್ಲ. ದೀಪ ಹಚ್ಚುವ ಹೊತ್ತಾದ ಮೇಲೆ ಯಾರೂ ಹೆಪ್ಪು ಕೊಡುವುದಿಲ್ಲವಂತೆ. ನಾನು ತರ್ಕ, ಗದರಿಕೆ, ಬೇಡಿಕೆ ಎಲ್ಲ ಪ್ರಯೋಗಿಸಿದೆ. ಆ ದಿನದ ದಾಖಲೆ ಪುಸ್ತಕದಲ್ಲಿ "ತಾಂತ್ರಿಕ ಕಾರಣದಿಂದ ವಿಳಂಬ" ಎಂದು ನನ್ನ ಅಕ್ಷರದಲ್ಲೇ ಇದೆ.

ನನ್ನದೂ ಒಂದು ಕಟ್ಟಳೆ ಇತ್ತು. ಪ್ರಯೋಗಶಾಲೆಯ ಒಳಗೆ ತಿನ್ನುವ ವಸ್ತು ತರಕೂಡದು. ದಪ್ಪ ಅಕ್ಷರದಲ್ಲಿ ಬರೆದು ಫ್ರಿಜ್ಜಿಗೇ ಅಂಟಿಸಿದ್ದೆ. ಪುಟ್ಟತಾಯಮ್ಮ ಆಗಾಗ ಇನ್ನೊಂದು ಡಬ್ಬಿಯಲ್ಲಿ ಮೊಸರು ತಂದು ಅದೇ ಫ್ರಿಜ್ಜಿನಲ್ಲಿ ಇಡುತ್ತಿದ್ದಳು. ಎರಡೂ ಒಂದೇ ಅಳತೆಯ ಡಬ್ಬಿಗಳು, ಅವಳ ಮದುವೆಗೆ ಬಂದವು. ಎರಡರ ತಳದಲ್ಲೂ ಚುಕ್ಕೆ ಚುಕ್ಕೆಯಾಗಿ ಅವಳ ಹೆಸರು ಕೊರೆದಿತ್ತು. ಇನ್ನೊಂದು ಸಲ ಮೊಸರು ಕಂಡರೆ ಚೆಲ್ಲಿಬಿಡುತ್ತೇನೆ ಎಂದು ನಾನು ಎಚ್ಚರಿಕೆ ಕೊಟ್ಟಿದ್ದೆ. ಈ ಮಾತನ್ನು ದಯವಿಟ್ಟು ನೆನಪಿಡಿ.

ನಾಲ್ಕು ವರ್ಷದಲ್ಲಿ ಹದಿಮೂರು ದೊಡ್ಡ ಪಾಕ ಮಾಡಿದೆವು. ಹದಿಮೂರೂ ಕೆಟ್ಟವು. ಕೆಲವು ಅಂಟಾದವು, ಕೆಲವು ಕೆಸರಾದವು, ಒಂದೆರಡು ಹರಳಾದರೂ ಕೆಲಸಕ್ಕೆ ಬಾರದ ಬೇರೆ ಹರಳಾದವು. ಕೊನೆಗೆ ಒಂದು ಗುರುವಾರ ಬೋರೇಗೌಡರು ಬಂದು ಓವನ್ ಎದುರು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತರು. ಒಳ್ಳೆಯ ಮನುಷ್ಯ, ದನಿ ಏರಿಸುವವರಲ್ಲ. "ಡಾಕ್ಟ್ರೇ, ನಾಕ್ ವರ್ಸ ಆಯ್ತು. ಇದೊಂದ್ ಕಿತ ಬೇಯ್ಸಿ. ಸೋಮಾರ ಬೆಳಿಗ್ಗೆ ಬತ್ತೀನಿ. ಹರಳು ಕಂಡ್ರೆ ಸರಿ. ಇಲ್ದಿದ್ರೆ ಇಲ್ಲಿ ಕೋಳಿ ಬುಡ್ತೀನಿ," ಅಂದರು.

ಅವರು ಹೋದ ಮೇಲೆ ಪುಟ್ಟತಾಯಮ್ಮ ಗುಡಿಸುತ್ತಲೇ ಹೇಳಿದಳು. "ಕೋಳಿ ನೋಡ್ಕಳಕೂ ನನ್ನೇ ಮಡಿಕತಾರೆ ಅಂದ್ಕಂಡಿದ್ದೆ ಸಾ. ಅದಕ್ಕೆ ಬೇರೆಯೋರು ಅವ್ರೆ ಅಂತೆ. ಬೇಸಿನ್ ಒಂದು ಖಾಲಿ ಐತೆ, ಬಾ ಅಂದ್ರು." ಅಷ್ಟು ಹೇಳಿ ಪೊರಕೆ ಮೂಲೆಗಿಟ್ಟು ಹೋದಳು. ನನಗೆ ಅವತ್ತು ಊಟ ಸೇರಲಿಲ್ಲ. ನಾನಾದರೆ ಎಲ್ಲೋ ಪಾಠ ಹೇಳಿಕೊಂಡು ಬದುಕುತ್ತೇನೆ. ಅವಳ ಬೆರಳುಗಳು ಮತ್ತೆ ಆ ಕುದಿಯುವ ನೀರಿಗೆ ಹೋಗುತ್ತವೆ, ಅದಕ್ಕೆ ಕಾರಣ ನನ್ನ ದಡ್ಡತನ ಎಂಬುದು ಎದೆಯಲ್ಲಿ ಕೂತುಬಿಟ್ಟಿತು.

ಹದಿನಾಲ್ಕನೆಯ ಪಾಕ ಶನಿವಾರ ಮಧ್ಯಾಹ್ನ ಓವನ್ನಿಗೆ ಹೋಗಬೇಕಿತ್ತು. ಶುಕ್ರವಾರ ಪುಟ್ಟತಾಯಮ್ಮ, ಕನಕಪುರದ ಹತ್ತಿರ ತಮ್ಮನ ಮಗಳ ಸೀಮಂತವಿದೆ, ಮುಗಿಸಿಕೊಂಡು ಎರಡು ಗಂಟೆಗೆ ಬಂದುಬಿಡುತ್ತೇನೆ, ತಾನು ಬರುವವರೆಗೆ ಏನನ್ನೂ ಮುಟ್ಟಬೇಡಿ ಎಂದು ಹೇಳಿ ಹೋದಳು. ಶನಿವಾರ ನಾನೊಬ್ಬನೇ ಇದ್ದೆ. ನನಗೆ ಜೋರು ನೆಗಡಿ. ಗೇಟಿಗೆ ಒಳಗಿನಿಂದ ಬೀಗ ಹಾಕಿ ಬೀಗದ ಕೈ ಜೇಬಿನಲ್ಲಿ ಇಟ್ಟುಕೊಂಡಿದ್ದೆ. ಎರಡಾಯಿತು. ಅವಳು ಬರಲಿಲ್ಲ. ತಡೆಯಲಾರದೆ ಫ್ರಿಜ್ ತೆಗೆದೆ. ಒಂದೇ ಒಂದು ಡಬ್ಬಿ ಇತ್ತು. ಮುಚ್ಚಳ ತೆಗೆದು ನೋಡಿದರೆ ಗಟ್ಟಿಯಾಗಿ ಬೆಳ್ಳಗೆ. ಮೊಸರು! ಇಂಥ ದಿನವೂ ಮೊಸರು ಇಟ್ಟು ಹೋಗಿದ್ದಾಳೆ ಎಂದು ಸಿಟ್ಟು ಬಂತು. ಹೇಳಿದಂತೆ ಮಾಡುವವನು ನಾನು. ಸಿಂಕಿಗೆ ಸುರಿದು, ನೀರು ಬಿಟ್ಟು, ಡಬ್ಬಿಯನ್ನು ಸೋಪು ಹಾಕಿ ತೊಳೆದು ಕಲ್ಲಿನ ಮೇಲೆ ಬೋರಲು ಹಾಕಿದೆ. ಆಮೇಲೆ ಹೆಪ್ಪಿನ ಡಬ್ಬಿಗಾಗಿ ಕೈ ಹಾಕಿದೆ.

ಅದು ಇರಲಿಲ್ಲ. ಎರಡು ಶೆಲ್ಫಿನ ಫ್ರಿಜ್, ಎಷ್ಟೆಂದು ಹುಡುಕುವುದು? ಶೆಲ್ಫ್ ಎರಡನ್ನೂ ಹೊರಗೆ ತೆಗೆದೆ. ಐಸ್ ಟ್ರೇ ತೆಗೆದೆ. ಫ್ರಿಜ್ಜಿನ ಹಿಂದೆ, ಕೆಳಗೆ, ಮೇಲೆ ನೋಡಿದೆ. ಆಗ ಹೊಳೆಯಿತು. ನಾನು ಸುರಿದದ್ದೇ ಹೆಪ್ಪು. ನೆಗಡಿಯಲ್ಲಿ ಮೂಗು ಕಟ್ಟಿ ವಾಸನೆಯೂ ತಿಳಿಯದೆ, ನಮ್ಮಲ್ಲಿದ್ದ ಕೊನೆಯ ಬೀಜವನ್ನು ನಾನೇ ಚರಂಡಿಗೆ ಬಿಟ್ಟಿದ್ದೆ. ಅಷ್ಟರಲ್ಲಿ ಪುಟ್ಟತಾಯಮ್ಮನ ಫೋನ್ ಎರಡು ಸಲ ಬಂತು. ಏನು ಮುಖ ಇಟ್ಟುಕೊಂಡು ಮಾತಾಡಲಿ? ಎತ್ತಲಿಲ್ಲ.

ಹೊರಗೆ ಬಂದು ಬಾಗಿಲ ಪಕ್ಕದ ಬಂಡೆಯ ಮೇಲೆ ಕೂತೆ. ಶೆಡ್ಡಿಗೆ ಇರುವುದು ಅದೊಂದೇ ಬಾಗಿಲು, ಕಿಟಕಿಗಳಿಗೆ ಜಾಲರಿ. ಅತ್ತೆ ಎಂದು ಹೇಳಲು ಸಂಕೋಚ, ಆದರೆ ಅತ್ತೆ. ರಸ್ತೆಯಲ್ಲಿ ಒಂದು ಕುರಿಮಂದೆ ಹೋಯಿತು. ಇಪ್ಪತ್ತು ನಿಮಿಷ ಕೂತಿದ್ದೇನು. ಎರಡೂವರೆ ದಾಟಿದ ಮೇಲೆ, ತೆಗೆದಿಟ್ಟ ಶೆಲ್ಫುಗಳನ್ನಾದರೂ ಜೋಡಿಸೋಣ ಎಂದು ಒಳಗೆ ಹೋದೆ.

ಶೆಲ್ಫುಗಳು ನೆಲದ ಮೇಲೆಯೇ ಇದ್ದವು. ತೊಳೆದ ಡಬ್ಬಿ ಕಲ್ಲಿನ ಮೇಲೆ ಬೋರಲಾಗಿಯೇ ಇತ್ತು. ಫ್ರಿಜ್ ತೆಗೆದರೆ ಒಳಗೆ, ಶೆಲ್ಫಿಲ್ಲದ ತಳದಲ್ಲಿ, ಇನ್ನೊಂದು ಡಬ್ಬಿ. ತಣ್ಣಗಿತ್ತು, ಮುಚ್ಚಳ ಬಿಗಿಯಾಗಿತ್ತು, ಒಳಗೆ ಕಂಠದವರೆಗೆ ಬಿಳಿ ಹೆಪ್ಪು.

ನೀವಾಗಿದ್ದರೆ ಏನು ಮಾಡುತ್ತಿದ್ದಿರೋ ಗೊತ್ತಿಲ್ಲ. ನನಗೆ ಹೆದರಿಕೆ ಆಗಲಿಲ್ಲ, ಬರೀ ಸಂತೋಷ. ಚೆಲ್ಲಿದ್ದು ಮೊಸರೇ, ಗಾಬರಿಯಲ್ಲಿ ಇದು ಕಣ್ಣಿಗೆ ಬೀಳಲಿಲ್ಲ ಎಂದುಕೊಂಡು ನನ್ನನ್ನು ನಾನೇ ಬೈದುಕೊಂಡೆ. ತೂಕ ಮಾಡಿ, ಪುಸ್ತಕದಲ್ಲಿ ಬರೆದು, ಇದ್ದದ್ದಷ್ಟನ್ನೂ ಪಾಕಕ್ಕೆ ಸುರಿದೆ. ಪಾತ್ರೆ ಮುಚ್ಚಿ ಓವನ್ ಹಾಕಿದೆ. ಅಭ್ಯಾಸಬಲದಿಂದ ಡಬ್ಬಿಯನ್ನೂ ಚೆನ್ನಾಗಿ ತಿಕ್ಕಿ ತೊಳೆದೆ. ನನ್ನ ಮಡಿಗೆ ಬೆಂಕಿ ಬೀಳಲಿ, ಒಂದು ತೊಟ್ಟು ಉಳಿಸಿದ್ದರೆ ಇವತ್ತು ಈ ಬರಹವೇ ಬೇಕಿರಲಿಲ್ಲ.

ಸೋಮವಾರ ಬೋರೇಗೌಡರು ನನಗಿಂತ ಮೊದಲೇ ಬಂದು ಗೇಟಿನಲ್ಲಿ ನಿಂತಿದ್ದರು. ಒಂದು ಕೈಯಲ್ಲಿ ಅವರ ಘಟಕದ ಬೋರ್‌ವೆಲ್ ನೀರಿನ ಬಾಟಲಿ, ಇನ್ನೊಂದು ಕೈಯಲ್ಲಿ ಬಟ್ಟೆ ಸೋಪು. ಪುಟ್ಟತಾಯಮ್ಮ ಇನ್ನೂ ಬಂದಿರಲಿಲ್ಲ. ನಾನು ಪಾತ್ರೆ ಬಿಚ್ಚಿ, ಸೋಸಿ, ತೊಳೆದು, ಒಣಗಿಸಿ, ಚಿಟಿಕೆ ಪುಡಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಕಣ್ಣಿಟ್ಟು ನೋಡಿ, ಕಣ್ಣು ಒರೆಸಿಕೊಂಡು ಮತ್ತೆ ನೋಡಿದೆ. ನಾಲ್ಕು ವರ್ಷದಿಂದ ಪುಸ್ತಕದ ಚಿತ್ರದಲ್ಲಿ ಮಾತ್ರ ನೋಡಿದ್ದ ಚೌಕ ಹರಳುಗಳು, ಒಂದಕ್ಕೊಂದು ಅಂಟದೆ, ಚೂರೂ ಕೆಸರಿಲ್ಲದೆ. ಗೌಡರು ಬಗ್ಗಿ ಒಂದು ಕಣ್ಣು ಮುಚ್ಚಿ ನೋಡಿ, ಸಕ್ಕರೆ ಅಚ್ಚಿದ್ದಂಗೈತೆ ಅಂದರು. ಆದರೆ ಅವರು ನಂಬುವುದು ಸೋಪನ್ನು. ಬಾಟಲಿಯ ನೀರಿಗೆ ಪುಡಿ ಹಾಕಿ ಕುಲುಕಿ, ಹೆಗಲ ಮೇಲಿನ ಟವೆಲನ್ನು ಅದರಲ್ಲಿ ಒದ್ದೆ ಮಾಡಿ ಸೋಪು ತಿಕ್ಕಿದರು. ಎಂದೂ ನೊರೆ ಕಾಣದ ಆ ನೀರಿನಲ್ಲಿ ನೊರೆ ಅವರ ಮೊಣಕೈವರೆಗೆ ಏರಿತು. ಗೌಡರು ನೊರೆಯ ಕೈಯಲ್ಲೇ ನನ್ನ ಕೈ ಕುಲುಕಿದರು. ಕೋಳಿಯ ಮಾತು ಅಲ್ಲಿಗೆ ಮುಗಿಯಿತು.

ಆಗ ಬಂದಳು ಪುಟ್ಟತಾಯಮ್ಮ. ಅತ್ತು ಅತ್ತು ಕಣ್ಣು ಊದಿಕೊಂಡಿತ್ತು. ಕೈಯಲ್ಲಿ ಒಂದು ಬಟ್ಟೆ ಚೀಲ. ನೊರೆಯ ಕಡೆ ನೋಡಲೂ ಇಲ್ಲ. ಚೀಲದಿಂದ ಒಂದು ಸ್ಟೀಲ್ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು.

"ತಪ್ಪಾಯ್ತು ಸಾ. ಹೆಪ್ಪು ನನ್ ತಾವೇ ಉಳ್ಕಂಡ್ಬುಡ್ತು. ಬಸ್ಸು ತಪ್ಪೋಯ್ತು. ಫೋನ್ ಮಾಡುದ್ರೆ ನೀವು ಎತ್ನಿಲ್ಲ. ಊರಿಗೆ ಬರೋ ಹೊತ್ಗೆ ದೀಪ ಹಚ್ಚಾಗಿತ್ತು. ಭಾನ್ವಾರ ಹಾಕುದ್ರೆ ಸೋಮಾರಕ್ಕೆ ಬೇಯಕಿಲ್ಲ."

ವಿಷಯ ಇಷ್ಟು. ದೀಪ ಹಚ್ಚದ ಮನೆಯಲ್ಲಿ ಹೆಪ್ಪು ಇಡಬಾರದು ಎಂಬುದು ಅವಳ ಮನೆಯ ಕಟ್ಟಳೆ. ನಮ್ಮ ಶೆಡ್ಡಿನಲ್ಲಿ ಸಂಜೆ ದೀಪ ಹಚ್ಚುವವರು ಯಾರು? ಹಾಗಾಗಿ ಮೊದಲ ದಿನದಿಂದಲೂ ಅವಳು ಹೆಪ್ಪಿನ ಡಬ್ಬಿಯನ್ನು ಸಂಜೆ ಮನೆಗೆ ಒಯ್ದು ಬೆಳಿಗ್ಗೆ ನನ್ನ ಕಣ್ಣಿಗೆ ಬೀಳದಂತೆ ತಂದಿಡುತ್ತಿದ್ದಳು. ನಾಲ್ಕು ವರ್ಷ ನನಗೆ ಇದು ಗೊತ್ತೇ ಇರಲಿಲ್ಲ. ಶುಕ್ರವಾರ ಸಂಜೆಯೂ ಒಯ್ದಿದ್ದಳು. ಶನಿವಾರ ನಮ್ಮ ಕೊನೆಯ ಬೀಜ ಚೀಲದಲ್ಲಿ ಕೂತು ಕನಕಪುರದ ಸೀಮಂತಕ್ಕೆ ಹೋಗಿ ಬಂದಿತ್ತು.

ಹಾಗಾದರೆ ನಾನು ಚೆಲ್ಲಿದ್ದು ಮೊಸರೇ, ಅದು ಸರಿ. ಪಾಕಕ್ಕೆ ಸುರಿದದ್ದು ಏನು? ನಾನು ಒಳಗಿನಿಂದ ಆ ಡಬ್ಬಿ ತಂದು ಮೇಜಿನ ಮೇಲಿಟ್ಟೆ. ಮೊಸರಿನದು, ಹೆಪ್ಪಿನದು, ಇದು, ಒಟ್ಟು ಮೂರು. ಪುಟ್ಟತಾಯಮ್ಮ ಮೂರನ್ನೂ ಬೋರಲು ಹಾಕಿದಳು. ಎರಡರ ತಳದಲ್ಲಿ ಅವಳ ಹೆಸರು. ಮೂರನೆಯದರ ತಳದಲ್ಲಿ, ಅದೇ ರೀತಿ ಚುಕ್ಕೆ ಚುಕ್ಕೆಯಾಗಿ, "ಸಣ್ಣಮ್ಮ" ಎಂದು ಕೊರೆದಿತ್ತು.

"ಯಾರ್ ಕೊಟ್ರು ಸಾ ಹೆಪ್ಪ?" ಎಂದು ಅವಳು ಮೆಲ್ಲಗೆ ಕೇಳಿದಳು. ನಾನು ಜೇಬಿನಲ್ಲಿದ್ದ ಬೀಗದ ಕೈಯನ್ನು ತೋರಿಸಿದೆ. ಅದು ಅವಳ ಪ್ರಶ್ನೆಗೆ ಉತ್ತರವಲ್ಲ ಎಂದು ನನಗೂ ಗೊತ್ತಿತ್ತು.

ಮುಂದಿನದನ್ನು ನೀವು ಊಹಿಸಿರುತ್ತೀರಿ. ಆ ಜಾಗದಲ್ಲಿ ಹಿಂದೆ ಸಣ್ಣಮ್ಮ ಎಂಬವಳು ಬಾವಿಗೆ ಬಿದ್ದು ಸತ್ತಿದ್ದಳು ಎಂದು. ಅದನ್ನೂ ವಿಚಾರಿಸಿದೆವು. ಅಲ್ಲಿ ಬಾವಿಯೂ ಇರಲಿಲ್ಲ, ಸತ್ತವಳೂ ಇರಲಿಲ್ಲ, ಗೌಡರ ತಾತನ ಕಾಲದಿಂದ ಬರೀ ಬಂಡೆ. ಬದುಕಿರುವ ಸಣ್ಣಮ್ಮಂದಿರು ಮಾತ್ರ ಗುಡೇಮಾರನಹಳ್ಳಿಯಿಂದ ಸೋಲೂರಿನವರೆಗೆ ಕೇರಿಗೊಬ್ಬರು. ಪುಟ್ಟತಾಯಮ್ಮ ಡಬ್ಬಿ ಹಿಡಿದು ಎಲ್ಲರ ಮನೆಗೂ ಹೋಗಿ ಬಂದಳು. ಯಾರದೂ ಡಬ್ಬಿ ಕಳೆದಿರಲಿಲ್ಲ. ಒಬ್ಬಾಕೆ ಮಾತ್ರ, ನನ್ನದಲ್ಲ, ಆದರೆ ಕೊಡುವುದಾದರೆ ಹೆಸರು ಸರಿಹೋಗುತ್ತದೆ ಎಂದಳಂತೆ.

ಪುಡಿಯನ್ನು ಬೆಂಗಳೂರಿನ ಒಂದು ಪರೀಕ್ಷಾಲಯಕ್ಕೆ ಕಳಿಸಿದೆ. ಶುದ್ಧ ಜಿಯೋಲೈಟ್ ಎಂದು ಬಂತು. ಪುಟ್ಟತಾಯಮ್ಮನ ಚೀಲದಿಂದ ಬಂದ ಹಳೆಯ ಹೆಪ್ಪು ಹಾಕಿ ಮಾಡಿದ ಪಾಕ ಮತ್ತೆ ಕೆಸರಾಯಿತು. ಬಾಗಿಲು ಹಾಕಿಕೊಂಡು, ಯಾರಿಗೂ ಹೇಳದೆ, ನಿಜವಾದ ಮೊಸರು ಹಾಕಿಯೂ ಒಂದು ಸಲ ನೋಡಿದೆ. ಶೆಡ್ಡು ಮೂರು ದಿನ ನಾರಿತು. ಹದಿನಾಲ್ಕನೆಯ ಪಾಕದ ಪುಡಿಯನ್ನೇ ಹೆಪ್ಪಾಗಿ ಹಾಕಿದರೆ ಮಾತ್ರ ಪ್ರತಿ ಸಲವೂ ಹರಳು ಬರುತ್ತದೆ. ಇವತ್ತು ಗೌಡರ ಘಟಕಕ್ಕೆ ಹೋಗುವ ಪುಡಿಯೆಲ್ಲ ಅದರ ಮಕ್ಕಳು ಮರಿಮಕ್ಕಳು. ನನ್ನ ವರದಿಯಲ್ಲಿ ಬೀಜದ ಮೂಲ ಯಾವುದು ಎಂಬ ಒಂದು ಕಾಲಂ ಇತ್ತು. ಒಂದು ವಾರ ಖಾಲಿ ಬಿಟ್ಟು ಕೊನೆಗೆ "ಸ್ಥಳೀಯ" ಎಂದು ಬರೆದೆ.

ಕೊಟ್ಟವರ ಡಬ್ಬಿಯನ್ನು ಬರಿದಾಗಿ ವಾಪಸ್ ಕೊಡಬಾರದು ಎಂದು ಪುಟ್ಟತಾಯಮ್ಮ ಅದಕ್ಕೆ ಎರಡು ಅಚ್ಚು ಬೆಲ್ಲ ಹಾಕಿ ಕಾಂಪೌಂಡಿನ ಮೇಲೆ ಇಟ್ಟಳು. ನಾನು ಬೇಡ ಎನ್ನಲಿಲ್ಲ. ನಾಲ್ಕನೆಯ ದಿನ ಡಬ್ಬಿ ಇರಲಿಲ್ಲ. ಕೋತಿ ಎಂದರು ಗೌಡರು. ಕೋತಿ ಎಂದೆ ನಾನೂ, ಎಷ್ಟೋ ದಿನದ ಮೇಲೆ ಒಂದು ಒಳ್ಳೆಯ ವಿವರಣೆ ಸಿಕ್ಕ ನೆಮ್ಮದಿಯಿಂದ.

ಅದಾದ ಮುಂದಿನ ವಾರ, ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಬೀಗ ತೆಗೆದು ಒಳಗೆ ಹೋದೆವು. ಸಣ್ಣಮ್ಮನ ಡಬ್ಬಿ ಫ್ರಿಜ್ಜಿನೊಳಗೆ ಮೇಲಿನ ಶೆಲ್ಫಿನಲ್ಲಿ ಇತ್ತು. ನನಗೆ ಅವತ್ತು ನೆಗಡಿ ಇರಲಿಲ್ಲ. ಮುಚ್ಚಳ ತೆಗೆದ ಕೂಡಲೇ ವಾಸನೆ ಹೇಳಿತು, ಮೊಸರು. ಚಮಚ ನಿಲ್ಲುವಷ್ಟು ಗಟ್ಟಿ. ನಾನು ಅವತ್ತು ಚೆಲ್ಲಿದಷ್ಟೇ ಇರಬೇಕು ಎಂದು ಪುಟ್ಟತಾಯಮ್ಮ ಅಂದಳು. ನಾನು ತಕ್ಕಡಿಯ ಹತ್ತಿರ ಹೋಗಿ, ನಿಂತು, ವಾಪಸ್ ಬಂದೆ. ನಾನು ಕೈಗೆತ್ತಿಕೊಂಡು ಯಾವ ಪರೀಕ್ಷೆಗೂ ಕಳಿಸದ ವಸ್ತು ಅದೊಂದೇ. ಮಧ್ಯಾಹ್ನ ಪುಟ್ಟತಾಯಮ್ಮ ಮನೆಯಿಂದ ಅನ್ನ ತಂದಳು. ಪ್ರಯೋಗಶಾಲೆಯ ಒಳಗೇ, ನಾನು ಅಂಟಿಸಿದ ಚೀಟಿಯ ಎದುರಿನಲ್ಲೇ ಕೂತು, ಅವಳು ಆ ಬಿರುಕಿಲ್ಲದ ಬೆರಳುಗಳಿಂದ ಕಲಸಿ ಬಡಿಸಿದಳು.

ಡಬ್ಬಿ ಈಗ ನಮ್ಮಲ್ಲೇ ಇದೆ, ತೊಳೆದು ಬೋರಲು ಹಾಕಿದ್ದೇವೆ. ಈ ಸಲ ಏನು ತುಂಬಿಸಿ ಕೊಡಬೇಕು ಎಂದು ಇಬ್ಬರಿಗೂ ತೋಚಿಲ್ಲ. ನನ್ನ ನಾಲ್ಕು ಪ್ರಶ್ನೆಗಳನ್ನು ನೀವು ನನಗೇ ಕೇಳಬಹುದು, ನಾನು ತಪ್ಪಿಸಿಕೊಳ್ಳುವುದಿಲ್ಲ. ಗಂಟೆ ಎರಡೂವರೆ, ಹಾಡಹಗಲು. ನೋಡಿದವರು ಇದ್ದಾರೆ. ಅಳತೆ, ತೂಕ ಪುಸ್ತಕದಲ್ಲಿದೆ. ಏನು ತಿಂದೆ ಎಂದರೆ, ಮೊಸರನ್ನ. ಹುಳಿ ಸ್ವಲ್ಪವೂ ಇರಲಿಲ್ಲ.